ಮೂರು ದಿನದ ಇಂಜಿನಿಯರ್

ಹೊನ್ನಾವರ,
13 ನವೆಂಬರ್ 2025, ಗುರುವಾರ

ಪ್ರೀತಿಯ ಧನ್ಯಶ್ರೀಗೆ,

ನಾನು ಕ್ಷೇಮ. ನಾಚಿಕೆಯಾಗುವಷ್ಟು ಕ್ಷೇಮ. ನಿನ್ನ ಕ್ಷೇಮ ಕೇಳೋಣವೆಂದು ಹತ್ತು ದಿನಗಳಿಂದ ಫೋನು ಮಾಡುತ್ತಿದ್ದೇನೆ, ನಿನ್ನದು ಸ್ವಿಚ್ ಆಫ್. ವಾಟ್ಸಪ್ಪಿನಲ್ಲಿ ನನ್ನ ಹದಿನಾರು ಸಂದೇಶಗಳು ಒಂದೊಂದೇ ಟಿಕ್ಕಿನಲ್ಲಿ, ಒಂಟಿ ಕಾಲಿನ ತಪಸ್ವಿಗಳ ಹಾಗೆ ನಿಂತಿವೆ. ಮೊನ್ನೆ ನಿನ್ನ ಅಪ್ಪನ ಫೋನಿಗೆ ಮಾಡಿದೆ. "ಧನ್ಯ ಮನೇಲಿ ಇಲ್ಲ ಅಮ್ಮ" ಎಂದರು ಸೋಮಯ್ಯನವರು. ಎಲ್ಲಿಗೆ ಹೋಗಿದ್ದಾಳೆ ಎಂದು ಕೇಳಿದೆ. ಅವರು ಆಚೆ ತಿರುಗಿ, "ಎಲ್ಲಿಗೆ ಹೋಗೀದೆ ಅಂತ ಹೇಳುದೆ?" ಎಂದು ನಿನ್ನನ್ನೇ ಕೇಳಿದರು. ಅಂಥ ಮನುಷ್ಯನ ಕೈಯಲ್ಲಿ ಸುಳ್ಳು ಹೇಳಿಸಬೇಡ ಕಣೆ. ಅದಕ್ಕೆ ಅಭ್ಯಾಸ ಬೇಕು. ನನಗಿದೆ.

ಹಾಗಾಗಿ ಕಾಗದ. ಮೊಬೈಲ್ ಟವರಿಗೆ ಆಂಪ್ಲಿಫೈಯರ್ ಮಾಡುವ ಇಬ್ಬರು ಇಂಜಿನಿಯರುಗಳು ಕೊನೆಗೆ ಅಂಚೆಯಣ್ಣನ ಸೈಕಲ್ಲಿನ ಮೇಲೆ ಮಾತಾಡುವ ಹಾಗಾಯಿತು. ಇದನ್ನು ನಿನ್ನ ಅಪ್ಪನಿಗೂ ಅರ್ಥವಾಗುವಂತೆ ಬರೆಯುತ್ತೇನೆ. ಏಕೆಂದರೆ ನೀನು ಕೋಪದಲ್ಲಿ ಹರಿದು ಹಾಕುತ್ತೀಯ, ಅವರು ತುಂಡು ಕೂಡಿಸಿ ಓದುತ್ತಾರೆ. ಬಲೆ ಹೊಲಿಯುವ ಕೈ, ಕಾಗದ ಯಾವ ಲೆಕ್ಕ? ಅವರು ಓದುವುದೂ ಅಗತ್ಯ.

ಮೊದಲು ಮುಖ್ಯ ಮಾತು. ಸೋಮವಾರ, ಹದಿನೇಳಕ್ಕೆ, ಕುಮಟೆಯ ಆಫೀಸಿನಲ್ಲಿ ವಿಚಾರಣೆಯ ಎರಡನೇ ಸುತ್ತು. ಅಷ್ಟರೊಳಗೆ ನೀನು ಕೃಷ್ಣಾನಂದ ಮಾವ ಕಳಿಸಿದ ಹೇಳಿಕೆಗೆ ಸಹಿ ಹಾಕಬೇಕಂತೆ: ಪರೀಕ್ಷೆಯ ಹೊತ್ತಿಗೆ ವೋಲ್ಟೇಜ್ ಕೊಡುವ ಕ್ರಮದಲ್ಲಿ ಧನ್ಯಶ್ರೀ ಎಂಬ ನಾನು ತಪ್ಪು ಮಾಡಿದ್ದರಿಂದ ಮೂರು ಟ್ರಾನ್ಸಿಸ್ಟರುಗಳು ಸುಟ್ಟವು, ಎಂದು. ಹಾಕಿದರೆ ಒಳ್ಳೆಯ ನಾಲ್ಕು ಮಾತಿನ ಅನುಭವ ಪತ್ರ ಕೊಟ್ಟು ಕಳಿಸುತ್ತಾರೆ. ಹಾಕದಿದ್ದರೆ ಅದೂ ಇಲ್ಲ, ಕೆಲಸವೂ ಇಲ್ಲ. ಆರು ವರ್ಷದ ನಿನ್ನ ದುಡಿಮೆಗೆ ಸಾಕ್ಷಿಯೇ ಇಲ್ಲ. ಧನ್ಯಾ, ಅದಕ್ಕೆ ಸಹಿ ಹಾಕಬೇಡ. ಇಷ್ಟೇ ನಾನು ಹೇಳಬೇಕಾದದ್ದು. ಉಳಿದ ಪುಟಗಳೆಲ್ಲ ಏಕೆ ಹಾಕಬಾರದು ಎಂಬುದರ ವಿವರ, ಸ್ವಲ್ಪ ಸುತ್ತು ಬಳಸಿ. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ನೇರ ದಾರಿಯಲ್ಲಿ ನನಗೆ ತಲೆ ಸುತ್ತುತ್ತದೆ.

(ಅಪ್ಪನಿಗೆ ಹೇಳು: ಕೃಷ್ಣಾನಂದ ಎಂದರೆ ನಮ್ಮ ಕಂಪನಿಯ ಯಜಮಾನರು. ಧನ್ಯಳಿಗೆ ಸರ್, ನನಗೆ ಗಂಡ ವಿನಾಯಕನ ಸೋದರಮಾವ. ಇನ್‌ಪುಟ್ ಒಂದೇ, ಔಟ್‌ಪುಟ್ ಎರಡು.)

ಸೋಮಯ್ಯನವರೇ, ನಮ್ಮ ಕೆಲಸ ಏನೆಂದರೆ, ಟವರಿನ ತುದಿಯಲ್ಲಿ ಒಂದು ಡಬ್ಬಿ ಇರುತ್ತದೆ. ಒಳಗೆ ಬಂದ ಪಿಸುಮಾತನ್ನು ಕೂಗಾಗಿ ಹೊರಗೆ ಕಳಿಸುವುದು ಅದರ ಕೆಲಸ. ನಿಮ್ಮ ದೋಣಿ ದಡ ಬಿಟ್ಟು ಸುಮಾರು ಹೋದ ಮೇಲೂ ಮಗಳ ಫೋನು ಬರುತ್ತದಲ್ಲ, ಅದು ಆ ಕೂಗು. ಅಂಥ ಡಬ್ಬಿಯನ್ನು ಕಟ್ಟುವ ಮೊದಲು ನಾನು ಕಂಪ್ಯೂಟರಿನೊಳಗೆ ಒಂದು ಸುಳ್ಳು ಡಬ್ಬಿ ಕಟ್ಟುತ್ತೇನೆ. ಅಲ್ಲೇ ಕೂಗಿಸುತ್ತೇನೆ, ಅಲ್ಲೇ ಹೊಗೆಯಿಲ್ಲದೆ ಸುಡುತ್ತೇನೆ, ಅಲ್ಲೇ ತಿದ್ದುತ್ತೇನೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಕೆಲವು ದಿನ ಅದು ಬರೀ ಸುಮ್ನೆ-ಲೇಶನ್. ಆಮೇಲೆ ನಿಮ್ಮ ಮಗಳು ಕುಮಟೆಯ ಹಳೇ ಗೇರುಬೀಜ ಕಾರ್ಖಾನೆಯ ಶೆಡ್ಡಿನಲ್ಲಿ ನಿಜವಾದ ಡಬ್ಬಿಗೆ ನಿಜವಾದ ಕರೆಂಟು ಕೊಟ್ಟು, ನಾನು ಹೇಳಿದ್ದು ಹೌದೋ ಅಲ್ಲವೋ ಎಂದು ಅಳೆಯುತ್ತಾಳೆ. ನಾನು ಜಾತಕ, ಅವಳು ಸಂಸಾರ.

ಈ ಡಬ್ಬಿಯ ಹೃದಯ ಒಂದು ಟ್ರಾನ್ಸಿಸ್ಟರ್. ಉಗುರಿನಷ್ಟು ಇದ್ದರೂ ಅದಕ್ಕೆ ನಮ್ಮ ಅತ್ತೆಗಿಂತ ಹೆಚ್ಚು ಮಡಿ. ಮೊದಲು ಗೇಟು ಎಂಬ ಕಾಲಿಗೆ ವೋಲ್ಟೇಜ್ ಕೊಡಬೇಕು, ಆಮೇಲೆ ಡ್ರೈನು ಎಂಬ ಕಾಲಿಗೆ. ತಿರುಗಾಮುರುಗಾ ಆದರೆ ಅಲ್ಲೇ ಸಮಾಧಿ. ಆರು ವರ್ಷದಲ್ಲಿ ಧನ್ಯ ಅದರಲ್ಲಿ ಒಮ್ಮೆಯೂ ತಪ್ಪಿಲ್ಲ, ಏಕೆಂದರೆ ಅವಳು ಪ್ರತಿ ಸಲ ಬಸ್ ಕಂಡಕ್ಟರಿನ ಹಾಗೆ ಗಟ್ಟಿಯಾಗಿ ಕೂಗುತ್ತಾಳೆ: "ಗೇಟು ಆತು! ಡ್ರೈನು ಹೊರ್ಟ್ತು!" ಶೆಡ್ಡಿನ ಆ ತುದಿಯಲ್ಲಿ ಬೆಸುಗೆ ಹಾಕುವ ಸಣ್ಣಿಗೂ ಇದು ಬಾಯಿಪಾಠ. ಅಕ್ಟೋಬರ್ ಮೂವತ್ತರಂದು ಗಿರಾಕಿ ಕಂಪನಿಯವರ ಎದುರಿನಲ್ಲಿ ಮೂರು ಟ್ರಾನ್ಸಿಸ್ಟರುಗಳು ಒಂದರ ಹಿಂದೆ ಒಂದು ಸುಟ್ಟಾಗಲೂ ಸಣ್ಣಿ ಆ ಕೂಗನ್ನು ಮೂರು ಸಲವೂ ಕೇಳಿದ್ದಾಳೆ. ನನಗೆ ಫೋನಿನಲ್ಲಿ ಹೇಳಿದಳು: "ಮೂರು ಸಲನೂ ಗೇಟೇ ಮೊದ್ಲು ಕೂಗದ್ದು ಅಕ್ಕ, ನನ್ನ ಕೆಮಿ ಮುಚ್ಚಿತ್ತನೆ?" ಆದರೆ ಸಣ್ಣಿಯ ಆ ಕಿವಿಗಳನ್ನು ಯಾರೂ ವಿಚಾರಣೆಗೆ ಕರೆದಿಲ್ಲ. "ಬಯಾಸ್ ಕೊಡುವಲ್ಲಿ ಲೋಪ" ಎಂದು ಮಾವ ವರದಿಯಲ್ಲಿ ಬರೆದಿದ್ದಾರೆ. ಬಯಾಸ್ ಎಂದರೆ ನಮ್ಮಲ್ಲಿ ಆ ವೋಲ್ಟೇಜು; ಇಂಗ್ಲಿಷಿನಲ್ಲಿ ಅದಕ್ಕೆ ಪಕ್ಷಪಾತ ಎಂಬ ಅರ್ಥವೂ ಇದೆ. ವರದಿಯ ಆ ಸಾಲು ಎರಡನೇ ಅರ್ಥದಲ್ಲಿ ಪೂರಾ ಸರಿ.

ಹಾಗಾದರೆ ಅವು ಸುಟ್ಟಿದ್ದು ಏಕೆ? ಇಲ್ಲಿಗೆ ಬರುವುದನ್ನು ಮೂರು ಪುಟ ಮುಂದೂಡಿದ್ದೇನೆ ನೋಡು.

ನಾವು ಬಳಸುವ ಸಾಫ್ಟ್‌ವೇರಿಗೆ ಒಂದು ಗುಣ. ಯಾವ ಫ್ರೀಕ್ವೆನ್ಸಿಯಲ್ಲಿ ನೋಡಬೇಕು ಎಂದು ನಾವು ಹೇಳಬೇಕು. ಹದಿನೆಂಟು ನೂರು ಮೆಗಾಹರ್ಟ್ಸ್ ಎಂದರೆ ಅದನ್ನೂ ಅದರ ಎರಡರಷ್ಟು, ಮೂರರಷ್ಟನ್ನೂ ನೋಡಿ ಸುಮ್ಮನಾಗುತ್ತದೆ. ಡಬ್ಬಿ ತನ್ನಷ್ಟಕ್ಕೆ ಬೇರೊಂದು ಸ್ವರದಲ್ಲಿ ಗುನುಗಲು ಶುರುಮಾಡಿದ್ದರೆ ಅದಕ್ಕೆ ಕೇಳಿಸುವುದೇ ಇಲ್ಲ. ಕಚೇರಿಯ ಕೌಂಟರಿನ ಗುಮಾಸ್ತನ ಹಾಗೆ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ. ಹಿಂದಿನ ಕೋಣೆಗೆ ಬೆಂಕಿ ಬಿದ್ದಿದ್ದರೂ ನೀವು ಕೇಳದೆ ಅವನು ಹೇಳುವುದಿಲ್ಲ. ಆ ಬೆಂಕಿಯನ್ನು ಕೇಳುವುದಕ್ಕೆ ಬೇರೆಯೇ ಒಂದು ಪರೀಕ್ಷೆ ಇದೆ, ಸ್ಥಿರತೆಯ ಪರೀಕ್ಷೆ. ಸಣ್ಣ ಪವರಿನಿಂದ ಪೂರ್ತಿ ಪವರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲೂ ಒಂದೊಂದೇ ಸ್ವರದ ಹೆಸರು ಹಿಡಿದು, ಇಲ್ಲಿ ಹಾಡುತ್ತೀಯಾ, ಇಲ್ಲಿ ಹಾಡುತ್ತೀಯಾ ಎಂದು ಕೇಳುತ್ತ ಹೋಗಬೇಕು. ಪೂರಾ ಎರಡು ದಿನದ ಕೆಲಸ. ಬಿಟ್ಟು ಏಳುವಂತಿಲ್ಲ, ಹತ್ತು ನಿಮಿಷಕ್ಕೊಮ್ಮೆ ಲೆಕ್ಕ ಕೂಡಿಬರಲಿಲ್ಲ ಎಂದು ಮುನಿಸಿಕೊಂಡು ನಿಂತುಬಿಡುತ್ತದೆ, ಪಕ್ಕದಲ್ಲೇ ಕೂತು ಪುಸಲಾಯಿಸಬೇಕು.

ಸಣ್ಣ ಪವರಿನಲ್ಲಿ ನಾನು ಪರೀಕ್ಷಿಸಿದ್ದೆ. ಅಲ್ಲಿ ಎಲ್ಲ ಚೆನ್ನಾಗಿತ್ತು. ದೊಡ್ಡ ಪವರಿನಲ್ಲಿ ಮಾಡಲಿಲ್ಲ.

ಏಕೆ ಮಾಡಲಿಲ್ಲ ಎಂಬುದು ಮುಂದಿನ ಮೂರು ಪ್ಯಾರಾಗಳಲ್ಲಿದೆ. ಸೋಮಯ್ಯನವರೇ, ಅದು ಹೆಂಗಸರ ವಿಷಯ. ದಯವಿಟ್ಟು ಆ ಮೂರನ್ನು ದಾಟಿ ಓದಿ.

ಧನ್ಯಾ, ನೀನು ನಮ್ಮ ಹೊರಗಿನ ಕೋಣೆ ನೋಡಿದ್ದೀಯ. ಜಗಲಿಯ ಬದಿಗೆ, ಅಂಗಳಕ್ಕೆ ಬೇರೆ ಬಾಗಿಲಿರುವ, ಹೆದ್ದಾರಿಯ ಲಾರಿಗಳೆಲ್ಲ ನನ್ನ ಮೇಜಿನ ಮೇಲೇ ಗೇರು ಬದಲಿಸುವ ಕೋಣೆ. ಮನೆಯವರು ಅದನ್ನು 'ಸ್ಮೃತಿಯ ಆಫೀಸು' ಎನ್ನುತ್ತಾರೆ. ತಿಂಗಳಿನ ಮೂರು ದಿನ ಹೊರಗೆ ಕೂರುವ ಜಾಗವೂ ಅದೇ. ನನಗಿಂತ ಮೊದಲು ಅತ್ತೆ ಕೂತಿದ್ದರು, ಅವರಿಗಿಂತ ಮೊದಲು ಅವರ ಅತ್ತೆ. ಗೋಡೆಯಲ್ಲಿ ಬೆನ್ನು ಒರಗಿಸಿ ನುಣುಪಾದ ಒಂದು ಗುರುತಿದೆ, ನನ್ನ ಬೆನ್ನಿಗೂ ಸರಿಹೊಂದುತ್ತದೆ. ಉಳಿದ ಇಪ್ಪತ್ತೇಳು ದಿನ ನಾನು ಬೆಳಿಗ್ಗೆ ಹನ್ನೊಂದರವರೆಗೆ ಅಡುಗೆಮನೆಯವಳು, ಆಮೇಲೆ ಬಂದವರಿಗೆ ಚಾ, ಆಮೇಲೆ ಕರೆದವರಿಗೆ ಓಗೊಡುವುದು, ನಡುನಡುವೆ ಇಂಜಿನಿಯರು. ಸಿಗ್ನಲ್ಲನ್ನು ತಗ್ಗಿಸುವ ಬಿಡಿಭಾಗಕ್ಕೆ ಅಟೆನ್ಯುಯೇಟರ್ ಎನ್ನುತ್ತೇವಲ್ಲ, ನಮ್ಮನೆಯದು ಅತ್ತೆನ್ಯುಯೇಟರ್. ಆದರೆ ಆ ಮೂರು ದಿನ ಯಾರೂ ಕರೆಯುವುದಿಲ್ಲ, ನಾನು ಯಾವುದನ್ನೂ ಮುಟ್ಟುವಂತಿಲ್ಲ. ಲ್ಯಾಪ್‌ಟಾಪ್ ಪ್ಲಾಸ್ಟಿಕ್ಕಿನದಾದ್ದರಿಂದ ಅದಕ್ಕೆ ದೋಷವಿಲ್ಲ ಎಂದು ಅತ್ತೆ ತೀರ್ಪು ಕೊಟ್ಟಿದ್ದಾರೆ. ವೈಫೈ ಹೇಗೂ ಯಾರನ್ನೂ ಮುಟ್ಟದೆ ಬರುತ್ತದೆ. ಊಟ ಬಾಗಿಲಿಗೆ ಬರುತ್ತದೆ. ತಿಂಗಳಿಗೆ ಮೂರು ದಿನ ನಾನು ಪೂರ್ಣಾವಧಿ ಇಂಜಿನಿಯರ್. ನಾಲ್ಕು ವರ್ಷಗಳಿಂದ ನನ್ನ ದೊಡ್ಡ ಸಿಮ್ಯುಲೇಶನ್ನುಗಳೆಲ್ಲ ಆ ಮೂರು ದಿನಗಳಲ್ಲೇ ಆಗಿವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಬ್ಬಕ್ಕೆ ಕಾಯುವ ಹಾಗೆ ಕಾಯುತ್ತೇನೆ.

ಈ ಪರೀಕ್ಷೆಯನ್ನೂ ಹಾಗೇ ಇಟ್ಟುಕೊಂಡಿದ್ದೆ, ಸೆಪ್ಟೆಂಬರ್ ಇಪ್ಪತ್ನಾಲ್ಕರಿಂದ ಇಪ್ಪತ್ತಾರು. ವರದಿ ಕೊಡಬೇಕಾದದ್ದು ಇಪ್ಪತ್ತೊಂಬತ್ತಕ್ಕೆ. ಈ ವರ್ಷವೇ ಕೃಷ್ಣಾನಂದ ಮಾವ ಕುಮಟೆಯ ಮನೆಯಲ್ಲಿ ನವರಾತ್ರಿಯ ಒಂಬತ್ತೂ ದಿನ ದೇವಿ ಪಾರಾಯಣ ಇಟ್ಟುಕೊಂಡರು. ಹೆಂಗಸರೆಲ್ಲ ಬರಬೇಕು, ಅಡುಗೆಗೆ ಕೈ ಬೇಕು. ಅದು ಶುರುವಾಗುವ ಹಿಂದಿನ ದಿನ ಅತ್ತೆ ಚಾ ಲೋಟದ ಪಕ್ಕದಲ್ಲಿ ಒಂದು ಮಾತ್ರೆಯ ಪಟ್ಟಿ ಇಟ್ಟರು. "ತಗ ತಂಗಿ, ಇಂದಿಂದ ದಿನಕ್ಕೊಂದು. ದೇವಿ ಕಾರ್ಯ, ನಡುಗೆ ಹೊರಗೆ ಕೂತ್ರೆ ಚೊಲೋ ಕಾಣ್ತಿಲ್ಲೆ." ಬೈದು ಕೊಟ್ಟಿದ್ದರೆ ವಾದಿಸಬಹುದಿತ್ತು. ಚಾಕ್ಕೆ ಶುಂಠಿ ಹಾಕಿ ಕೊಟ್ಟರು ಮಾರಾಯ್ತಿ. ನುಂಗಿದೆ.

ಹೀಗೆ ನನ್ನ ಮೂರು ದಿನ ಮುಂದೆ ಹೋಯಿತು, ವರದಿಯ ದಿನ ಹೋಗಲಿಲ್ಲ. ವರದಿ ಕೇಳಿದವರೂ ಪಾರಾಯಣಕ್ಕೆ ಕರೆದವರೂ ಒಬ್ಬರೇ. ಅವರಿಗೆ ಅವೆರಡಕ್ಕೆ ಸಂಬಂಧವಿದೆ ಎಂಬ ಕಲ್ಪನೆಯೂ ಇಲ್ಲ. ಮಾವ, ನಿಮ್ಮ ಮನೆಯ ಪೂಜೆಗಾಗಿ ನಾನು ಮುಟ್ಟನ್ನು ಮುಂದೂಡಿದ್ದೇನೆ, ಆದ್ದರಿಂದ ನಿಮ್ಮ ಆಂಪ್ಲಿಫೈಯರಿನ ಸ್ಥಿರತೆಯನ್ನು ನೋಡಲು ನನಗೆ ಪುರುಸೊತ್ತಾಗಲಿಲ್ಲ, ಎಂದು ಯಾವ ಬಾಯಲ್ಲಿ ಹೇಳಲಿ? ಅಂಥ ಇಮೇಲಿಗೆ ವಿಷಯ ಎಂಬ ಜಾಗದಲ್ಲಿ ಏನು ಬರೆಯುತ್ತಾರೆ? ಇಪ್ಪತ್ತೊಂಬತ್ತರ ಬೆಳಿಗ್ಗೆ, ಮಾವನ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೈಗೆ ತೆಂಗಿನಕಾಯಿಯ ತುರಿ ಮೆತ್ತಿಕೊಂಡಿರುವಾಗಲೇ, ವರದಿಯ ಹನ್ನೊಂದನೇ ಪುಟದಲ್ಲಿ ಒಂದು ಸಾಲು ಬರೆದೆ: ಸ್ಥಿರತೆ, ಪೂರ್ಣ ಪವರಿನವರೆಗೆ ಪರೀಕ್ಷಿಸಲಾಗಿದೆ. ಕೆಳಗೆ ಸಹಿ. ಅಕ್ಟೋಬರಿನಲ್ಲಿ ಆ ಮೂರು ದಿನ ಬಂದಾಗ, ಸಹಿ ಹಾಕಿಯಾಗಿದೆಯಲ್ಲ ಎಂದು ಬೇರೆ ಕೆಲಸ ಹಿಡಿದೆ.

ಸೋಮಯ್ಯನವರೇ, ಇಲ್ಲಿಂದ ಓದಬಹುದು. ನೀವು ದಾಟಿದ ಪ್ಯಾರಾಗಳ ಸಾರಾಂಶ: ನಾನು ನೋಡದ್ದನ್ನು ನೋಡಿದೆ ಎಂದು ಬರೆದೆ.

ಇಷ್ಟನ್ನು ಒಪ್ಪಿಕೊಂಡು ಪತ್ರ ಮುಗಿಸಬಹುದಿತ್ತು. ನೀನು "ಅಯ್ಯೋ ಪಾಪ" ಎನ್ನುತ್ತಿದ್ದೆಯೇನೋ. ಆದರೆ ನೀನು ಫೋನು ಬಂದ್ ಮಾಡಿದ್ದು ಈ ಸಾಲಿಗಾಗಿ ಅಲ್ಲ, ಅದು ನಿನಗೆ ಗೊತ್ತೇ ಇರಲಿಲ್ಲ. ನೀನು ಬಂದ್ ಮಾಡಿದ ಕಾರಣವನ್ನು ನಾನು ಇಲ್ಲಿಯವರೆಗೆ ಜಾಣತನದಿಂದ ಬಿಟ್ಟುಕೊಂಡು ಬಂದಿದ್ದೇನೆ.

ಅಕ್ಟೋಬರ್ ಇಪ್ಪತ್ತೆಂಟು, ಬೆಳಿಗ್ಗೆ ಹತ್ತರ ಸುಮಾರಿಗೆ ನೀನು ಫೋನು ಮಾಡಿದೆ. ನಾನು ದೋಸೆ ಹೊಯ್ಯುತ್ತಿದ್ದೆ, ಫೋನು ಹೆಗಲಿಗೂ ಕಿವಿಗೂ ನಡುವೆ. ನಿನ್ನ ಮಾತು ಅಕ್ಷರಕ್ಕೆ ಅಕ್ಷರ ನೆನಪಿದೆ. "ಅಲ್ಲೆ ಸ್ಮೃತಿ, ಪವರ್ ಏರಿಸ್ತಾ ಹೋದ್ರೆ ಗ್ರಾಫಿನ ನಡುಗೆ ಒಂದು ಗುಡ್ಡೆ ಏಳ್ತದೆ ಮಾರಾಯ್ತಿ. ದೊಡ್ಡ ಪವರಲ್ಲಿ ಸ್ಟೆಬಿಲಿಟಿ ನೋಡೀಯಲ್ಲ? ನೀ ನೋಡೀದೆ ಅಂದ್ರೆ ಆತು, ಇದು ಕೇಬಲ್ಲಿಂದು ಅಂತ ಬಿಟ್ಬಿಡ್ತೆ." ನಾನು ಕಾವಲಿಯ ಮೇಲಿನ ದೋಸೆ ತಿರುವಿ ಹಾಕಿ, "ನೋಡೀದೆ ಕಣೆ, ಏರಿಸು" ಎಂದೆ. ಅಷ್ಟೇ. ಅರ್ಧ ನಿಮಿಷದ ಕರೆ. ನೀನು ನನ್ನ ಮಾತನ್ನು ನಿನ್ನ ಕಣ್ಣಿಗಿಂತ ಹೆಚ್ಚು ನಂಬಿದೆ. ಎರಡು ದಿನದ ನಂತರ ಗಿರಾಕಿಯ ಎದುರಿನಲ್ಲಿ ಏರಿಸಿದೆ. ಆಂಪ್ಲಿಫೈಯರ್ ಎಂಬ ಹೆಸರಿನಲ್ಲಿ ಫೈಯರ್ ಹುಟ್ಟಿನಿಂದಲೇ ಇದೆ ಎಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಮಾಡುತ್ತಿದ್ದ ಚೇಷ್ಟೆ ಈಗ ನಗು ತರಿಸುವುದಿಲ್ಲ.

ನವೆಂಬರ್ ಮೂರರ ವಿಚಾರಣೆಯಲ್ಲಿ ನೀನು ಮೇಜಿನ ಆಚೆ ನಿಂತಿದ್ದೆ, ನಾನು ಮನೆಯಿಂದ ವಿಡಿಯೋದಲ್ಲಿದ್ದೆ. "ಗುಡ್ಡೆ ಕಂಡಿತ್ತು ಸರ್, ಸ್ಮೃತಿ ಹತ್ರ ಕೇಳಿದೆ, ನೋಡೀದೆ ಅಂದ್ಳು" ಎಂದೆ ನೀನು. ಮಾವ ಪರದೆಯ ಕಡೆ ತಿರುಗಿ, "ಹೌದನೇ ತಂಗಿ?" ಎಂದು ಕೇಳಿದರು. ಬಾಗಿಲಿನ ಹೊರಗೆ ಅತ್ತೆ ನಿಂತಿದ್ದರು. ನಾನು ಏನು ಹೇಳಿದೆ ಎಂಬುದು ನಿನಗೆ ಗೊತ್ತು. ಸ್ಮೃತಿ ಎಂದು ಹೆಸರಿಟ್ಟುಕೊಂಡು "ನೆನಪಿಲ್ಲ" ಎಂದೆ. ನೀನು ಕ್ಯಾಮೆರಾವನ್ನು ಒಂದು ಸಲ ನೋಡಿ, ಬ್ಯಾಗು ತೆಗೆದುಕೊಂಡು ಹೋದೆ. ಸಂಜೆಯ ಬಸ್ಸಿಗೆ ನಿನ್ನೂರು ಬೆಳಕೆ ಸೇರಿದೆ ಎಂದು ಸಣ್ಣಿ ಹೇಳಿದಳು.

ಈಗ ಆ ಕೋಣೆಯಿಂದ ಬಂದ ಸುದ್ದಿ. ಈ ತಿಂಗಳ ಎಂಟರಿಂದ ಹತ್ತು ನನ್ನ ಮೂರು ದಿನ. ಯಾರೂ ಕೇಳದೆ ಆ ಪರೀಕ್ಷೆಯನ್ನು ಪೂರ್ತಿ ಮಾಡಿದೆ. ಮೂವತ್ತು ವಾಟ್ ದಾಟಿದ ಮೇಲೆ, ಹದಿನೆಂಟು ನೂರರಲ್ಲಿ ಕೂಗಬೇಕಾದ ಡಬ್ಬಿ ಒಂಬೈನೂರರಲ್ಲಿ ತನ್ನಷ್ಟಕ್ಕೆ ಹಾಡಲು ಶುರುಮಾಡುತ್ತದೆ. ಸರಿಯಾಗಿ ಅರ್ಧ. ನೀನು ಅಂದು ಮೊಬೈಲಿನಲ್ಲಿ ತೆಗೆದು ಕಳಿಸಿದ್ದ ಫೋಟೋದ ಗುಡ್ಡೆ ಅದೇ ಜಾಗದಲ್ಲಿದೆ. ಕೇಬಲ್ಲು ಶುದ್ಧ, ನಿನ್ನ ಕೈ ಶುದ್ಧ, ಸಣ್ಣಿಯ ಬೆಸುಗೆಯೂ ಶುದ್ಧ. ಗೇಟಿನ ದಾರಿಯಲ್ಲಿ ಒಂದು ಚಿಕ್ಕ ರೆಸಿಸ್ಟರ್ ಹಾಕಿ ಮತ್ತೆ ಓಡಿಸಿದೆ, ಹಾಡು ನಿಂತಿತು. ಸಾಸಿವೆ ಕಾಳಿನಷ್ಟು ದೊಡ್ಡ ಪರಿಹಾರ. ಆದರೆ ಔಷಧ ತೋರಿಸಬೇಕಾದರೆ ರೋಗ ಒಪ್ಪಬೇಕು. ಕೈತಪ್ಪು ಎಂದರೆ ಗಿರಾಕಿ ಇನ್ನೊಂದು ಅವಕಾಶ ಕೊಡುತ್ತಾನೆ, ವಿನ್ಯಾಸವೇ ತಪ್ಪು ಎಂದರೆ ಎದ್ದು ಹೋಗುತ್ತಾನೆ, ಶೆಡ್ಡಿನ ಹನ್ನೆರಡು ಜನರ ಕೆಲಸ ಹೋಗುತ್ತದೆ ಎಂಬುದು ಮಾವನ ಭಯ. ಸುಳ್ಳು ಭಯವಲ್ಲ. ಹೇಳದಿದ್ದರೆ ನಾಳೆ ತದಡಿಯಿಂದ ಜಾಲಿಯವರೆಗೆ ಕರಾವಳಿಯುದ್ದಕ್ಕೂ ಟವರಿಗೊಂದರಂತೆ ಸುಡುತ್ತವೆ, ಆಗ ಹನ್ನೆರಡರಲ್ಲಿ ಒಬ್ಬರೂ ಉಳಿಯುವುದಿಲ್ಲ ಎಂಬುದು ನನ್ನ ಭಯ.

ಮಂಗಳವಾರ ಸ್ನಾನ ಮಾಡಿ ಒಳಗೆ ಬಂದೆ. ಮಾವನಿಗೆ ಹೇಳಿಬಿಡುತ್ತೇನೆ ಎಂದು ಗ್ರಾಫಿನ ಪ್ರತಿ ಹಿಡಿದುಕೊಂಡಿದ್ದೆ. ಸಂಜೆ ಅವರೇ ಮನೆಗೆ ಬಂದರು, ನನಗೆ ಇಷ್ಟ ಎಂದು ಹಲಸಿನ ಹಪ್ಪಳ ತಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ತಂಗೀ, ನಿನ್ನ ಹೆಸರು ಇದ್ರಲ್ಲಿ ಬರಲಾಗ. ಮನೆ ಕೂಸು ನೀನು. ಆ ಬೆಳಕೆ ಕೂಸಿಗೆ ಎಂತ, ಇನ್ನೊಂದು ಬದಿಗೆ ಕೆಲಸ ಸಿಗ್ತು" ಎಂದರು. ನಂತರ, "ಜನವರಿಯಿಂದ ಕುಮಟೆಗೇ ಬಂದ್ಬಿಡಿ ಇಬ್ರೂ. ವಿನಾಯಕಂಗೆ ಅಲ್ಲಿಂದ ಬ್ಯಾಂಕಿಗೆ ರೈಲಿದ್ದು. ಲ್ಯಾಬು ನೀನೇ ನೋಡ್ಕ" ಎಂದರು. ನಾಲ್ಕು ವರ್ಷಗಳಿಂದ ನಾನು ಕೇಳುತ್ತಿದ್ದದ್ದು ಇದು. ಬೆಂಚು, ಬಾಗಿಲು, ಬೀಗದ ಕೈ, ತಿಂಗಳಿಗೆ ಮೂವತ್ತು ದಿನ. ಅದು ನಿನ್ನ ಕುರ್ಚಿ ಧನ್ಯಾ. ಗ್ರಾಫಿನ ಹಾಳೆಯನ್ನು ಹಪ್ಪಳದ ಡಬ್ಬಿಯ ಅಡಿಗೆ ಇಟ್ಟೆ. ಆ ಸಂಜೆ ಪೂರ್ತಿ, ಮಲಗುವವರೆಗೆ, ನನಗೆ ಖುಷಿಯಾಗಿತ್ತು. ಯಾವ ಪರದೆ ಹಾಕಬೇಕು ಎಂದು ಕೂಡ ಯೋಚಿಸಿದೆ. ಇದನ್ನು ಬರೆಯದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ವಿನಾಯಕನಿಗೆ ಎಲ್ಲ ಹೇಳಿದೆ, ಮಾತ್ರೆಯ ವಿಷಯ ಒಂದನ್ನು ಬಿಟ್ಟು. ಒಳ್ಳೆಯ ಮನುಷ್ಯ, ನಿನಗೆ ಗೊತ್ತು. ಪೂರ್ತಿ ಕೇಳಿ, ನನ್ನ ತಲೆ ಸವರಿ, "ನಿಂಗೆ ಎಂತಕ್ಕೆ ತಲೆಬಿಸಿ? ಮಾವ ನೋಡ್ಕತ್ತ" ಎಂದ. ನೀನೇ ಬರಬಹುದಿತ್ತಲ್ಲ, ಬಸ್ಸಿಗೆ ಒಂದೂವರೆ ಗಂಟೆಯ ದಾರಿ ಎನ್ನುತ್ತೀಯ. ನಿನ್ನೆ ಹೊರಟಿದ್ದೆ. ದರ್ಜಿಯ ಅಂಗಡಿಗೆ ಹೋಗುತ್ತೇನೆ ಎಂದೆ. ಬಿಸಿಲು, ಕಾರಿನಲ್ಲಿ ಬಿಡುತ್ತೇನೆ ಎಂದು ವಿನಾಯಕ ಕೀಲಿ ತೆಗೆದುಕೊಂಡ. ನಾನೂ ಬತ್ತೆ ಎಂದು ಅತ್ತೆ ಚಪ್ಪಲಿ ಹಾಕಿದರು. ಬಸ್ ನಿಲ್ದಾಣ ಕಿಟಕಿಯಲ್ಲಿ ದಾಟಿಹೋಯಿತು, ಭಟ್ಕಳದ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಈಗ ದರ್ಜಿಯ ಹತ್ತಿರ ನನಗೆ ಬೇಡದ ಒಂದು ಮ್ಯಾಚಿಂಗ್ ಬ್ಲೌಸ್ ಹೊಲಿಯಲು ಬಿದ್ದಿದೆ. ಮ್ಯಾಚಿಂಗ್ ನಮ್ಮ ವೃತ್ತಿಯೇ, ಒಂದು ಕಡೆಯದು ಇನ್ನೊಂದು ಕಡೆಗೆ ತೊಂದರೆಯಿಲ್ಲದೆ ದಾಟುವ ಹಾಗೆ ಮಾಡುವುದು. ನಾನು ಎಲ್ಲಿಗೂ ದಾಟಲಿಲ್ಲ. ಬಾಗಿಲಿಗೆ ಬೀಗ ಹಾಕಿದ್ದರೆ ಒದೆಯಬಹುದು ಕಣೆ. ಇಲ್ಲಿ ಎಲ್ಲ ಬಾಗಿಲುಗಳೂ ತೆರೆದಿವೆ, ಪ್ರತಿಯೊಂದರಲ್ಲೂ ನನ್ನನ್ನು ಪ್ರೀತಿಸುವವರು ಒಬ್ಬರು ನಿಂತು, ಎಲ್ಲಿಗೆ ಎಂದು ಕೇಳುತ್ತಾರೆ. ಮಾವನಿಗೆ ಬರೆದ ಇಮೇಲ್ ಮೂರು ಸಲ ಡ್ರಾಫ್ಟಿಗೆ ಹೋಗಿದೆ. ಡ್ರಾಫ್ಟು ಎಂಬುದೂ ಒಂದು ಹೊರಗಿನ ಕೋಣೆ.

ಇವತ್ತು ಅತ್ತೆಯ ತಂಗಿಗೆ ಮುರುಗಲ ಸಿಪ್ಪೆಯ ಪಾರ್ಸೆಲ್ ಕಳಿಸುವುದಿದೆ, ಅಂಚೆ ಕಚೇರಿಗೆ ನಾನೇ ಹೋಗುತ್ತೇನೆ ಎಂದು ಕೇಳಿ ಪಡೆದಿದ್ದೇನೆ. ಅದರ ಜೊತೆಗೆ ಇದೂ ಸ್ಪೀಡ್ ಪೋಸ್ಟಿನಲ್ಲಿ ಹೊರಡುತ್ತದೆ, ಶನಿವಾರಕ್ಕೆ ನಿನ್ನ ಕೈಯಲ್ಲಿರಬೇಕು. ಒಳಗೆ ನಾಲ್ಕು ಹಾಳೆಗಳಿವೆ: ದೊಡ್ಡ ಪವರಿನ ಪರೀಕ್ಷೆಯ ಗ್ರಾಫು, ನಿನ್ನ ಫೋಟೋವನ್ನು ಅದರ ಪಕ್ಕದಲ್ಲಿಟ್ಟ ಹಾಳೆ, ರೆಸಿಸ್ಟರ್ ಹಾಕಿದ ಮೇಲಿನ ಗ್ರಾಫು, ನನ್ನ ವರದಿಯ ಹನ್ನೊಂದನೇ ಪುಟ. ಪ್ರತಿಯೊಂದಕ್ಕೂ ಸಹಿ, ತಾರೀಖು ಹಾಕಿದ್ದೇನೆ. ಸೋಮವಾರ ನಾನು ವಿಡಿಯೋದಲ್ಲಿ ಅಲ್ಲ, ಕುಮಟೆಗೇ ಬರುತ್ತೇನೆ, ನಿನ್ನ ಪಕ್ಕದಲ್ಲಿ ಕೂತು ನಾನೇ ಹೇಳುತ್ತೇನೆ. ನೀನು ನನ್ನ ಮುಖ ನೋಡಬೇಕಾಗಿಲ್ಲ. ಬಂದರೆ ಸಾಕು.

ನಿನ್ನ ಕ್ಷಮೆ ಕೇಳುವ ಧೈರ್ಯವಿಲ್ಲದ,

ಸ್ಮೃತಿ ವಿನಾಯಕ ಹೆಗಡೆ
ಸಿಮ್ಯುಲೇಶನ್ ಇಂಜಿನಿಯರ್
(ವರದಿಯಲ್ಲಿ ಹಾಕಿದ ಸಹಿಯೇ ಇದು. ಹೋಲಿಸಿ ನೋಡಬಹುದು.)

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ಸೋಮವಾರ ನಾನೇ ಹೇಳುತ್ತೇನೆ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ನಂಬಬೇಡ. ಈ ಕೋಣೆಯಲ್ಲಿ ಒಬ್ಬಳೇ ಕೂತು ಬರೆಯುವಾಗ ಅದು ನಿಜ. ಅತ್ತೆ ತಿಂಡಿ ಬಡಿಸಿ, ವಿನಾಯಕ ಕಾರಿನಲ್ಲಿ ಕೂರಿಸಿ, ಮಾವ ಎಲ್ಲರ ಎದುರಿನಲ್ಲಿ "ಬಾ ತಂಗಿ" ಎಂದು ಕುರ್ಚಿ ಎಳೆದು ಕೊಟ್ಟಾಗ ನಾನು ಏನಾಗುತ್ತೇನೋ, ಅಷ್ಟು ದೊಡ್ಡ ಪವರಿನಲ್ಲಿ ನನ್ನನ್ನು ನಾನು ಯಾವತ್ತೂ ಪರೀಕ್ಷಿಸಿಲ್ಲ. ಆದ್ದರಿಂದ ಈ ಪತ್ರ ಹರಿಯಬೇಡ, ತೆಗೆದುಕೊಂಡು ಬಾ. ನಾನು ಇನ್ನೊಮ್ಮೆ ನೆನಪಿಲ್ಲ ಎಂದರೆ ಎದ್ದು ಹೋಗಬೇಡ. ಇದನ್ನು ಬಿಚ್ಚಿ, ನಿನ್ನ ಅಪ್ಪ ದಾಟಿ ಓದಿದ ಮೂರು ಪ್ಯಾರಾ ಸಮೇತ, ಎಲ್ಲರಿಗೂ ಕೇಳುವ ಹಾಗೆ ಓದು. ನಾನು ಬೇಡ ಎನ್ನುತ್ತೇನೆ, ಅಳಲೂಬಹುದು. ನಿಲ್ಲಿಸಬೇಡ.